ಸುಂಕದ ಅಧಿಕಾರಿಗಳನ್ನು ಪ್ರಶ್ನಿಸಿದ ವಕೀಲ: ಜೇಮ್ಸ್ ಓಟಿಸ್

ಬಾಸ್ಟನ್ ಬಂದರಿನಲ್ಲಿ 1773ರಲ್ಲಿ ಚಹಾ ಪೆಟ್ಟಿಗೆಗಳನ್ನು ಸಮುದ್ರಕ್ಕೆ ಎಸೆದ ಪ್ರಸಂಗವನ್ನು ನಮ್ಮ ವಿದ್ಯಾರ್ಥಿಗಳು ಇತಿಹಾಸದ ಪಾಠದಲ್ಲಿ ಓದಿದ್ದಾರೆ. ಅದಕ್ಕೂ ಹನ್ನೆರಡು ವರ್ಷ ಮೊದಲೇ ಅದೇ ಊರಿನ ನ್ಯಾಯಾಲಯದಲ್ಲಿ ಬ್ರಿಟಿಷ್ ಸುಂಕದ ಅಧಿಕಾರಿಗಳ ಮೇಲಿನ ದೂರನ್ನು ಮಂಡಿಸಿದ ಜೇಮ್ಸ್ ಓಟಿಸ್‌ರ ಹೆಸರು ಮಾತ್ರ ಹೆಚ್ಚಿನವರಿಗೆ ತಿಳಿಯದು.

ಓಟಿಸ್ 1725ರಲ್ಲಿ ಬ್ರಿಟಿಷ್ ವಸಾಹತಾಗಿದ್ದ ಮ್ಯಾಸಚೂಸೆಟ್ಸ್‌ನ ವೆಸ್ಟ್ ಬಾರ್ನ್‌ಸ್ಟೇಬಲ್‌ನಲ್ಲಿ ಜನಿಸಿದರು. 1743ರಲ್ಲಿ ಹಾರ್ವರ್ಡ್‌ನಲ್ಲಿ ಪದವಿ ಪಡೆದು, ಜೆರೆಮಿಯಾ ಗ್ರಿಡ್ಲಿ ಎಂಬ ಹೆಸರಾಂತ ವಕೀಲರ ಬಳಿ ಕಾನೂನು ಕಲಿತರು. ಮುಂದೆ ಕಡಲ ವ್ಯಾಪಾರದ ಮೊಕದ್ದಮೆಗಳನ್ನು ನೋಡುವ ನ್ಯಾಯಾಲಯದಲ್ಲಿ ಸರ್ಕಾರಿ ವಕೀಲರೂ ಆದರು.

ಆ ಕಾಲದ ಸುಂಕದ ಅಧಿಕಾರಿಗಳ ಕೈಯಲ್ಲಿ 'ರಿಟ್ ಆಫ್ ಅಸಿಸ್ಟೆನ್ಸ್' ಎಂಬ ಆಜ್ಞಾಪತ್ರ ಇರುತ್ತಿತ್ತು. ಕಳ್ಳಸಾಗಣೆಯ ಮಾಲು ಇದೆಯೆಂಬ ಶಂಕೆ ಸಾಕು, ಹಗಲು ಹೊತ್ತಿನಲ್ಲಿ ಯಾವ ಮನೆ, ಅಂಗಡಿ, ಉಗ್ರಾಣಕ್ಕಾದರೂ ನುಗ್ಗಬಹುದಿತ್ತು. ಪತ್ರದಲ್ಲಿ ಮನೆಯ ಯಜಮಾನನ ಹೆಸರಿಲ್ಲ, ವಿಳಾಸವಿಲ್ಲ. ದೊರೆ ಸತ್ತು ಆರು ತಿಂಗಳವರೆಗೂ ಅದು ಊರ್ಜಿತ. 1760ರ ಅಕ್ಟೋಬರ್‌ನಲ್ಲಿ ಎರಡನೇ ಜಾರ್ಜ್ ತೀರಿಕೊಂಡಾಗ ಹೊಸ ಪತ್ರಗಳು ಬೇಕಾದವು. ಬಾಸ್ಟನ್ನಿನ 63 ವ್ಯಾಪಾರಿಗಳು ಇದಕ್ಕೆ ತಕರಾರು ಸಲ್ಲಿಸಿದರು.

ಅಧಿಕಾರಿಗಳ ಪರ ವಾದಿಸಬೇಕಾದ ಹುದ್ದೆ ಓಟಿಸ್‌ರದು. ಅವರು ಅದಕ್ಕೆ ರಾಜೀನಾಮೆ ಕೊಟ್ಟು ವ್ಯಾಪಾರಿಗಳ ಕಡೆ ನಿಂತರು. 1761ರ ಫೆಬ್ರವರಿಯಲ್ಲಿ ವಿಚಾರಣೆ ನಡೆದಾಗ ಸರ್ಕಾರದ ಪರ ಎದ್ದು ನಿಂತವರು ಗುರು ಗ್ರಿಡ್ಲಿಯವರೇ! ಉಸ್ತಾದರ ಎದುರು ದನಿ ಏರಿಸಬಾರದೆಂಬ ಅದಬ್ ಕಲಿತು ಬೆಳೆದ ನಮಗೆ ಆ ದೃಶ್ಯ ಊಹಿಸುವುದೂ ಕಷ್ಟ. ಒಬ್ಬ ಮನುಷ್ಯನಿಗೆ ಅವನ ಮನೆಯೇ ಕೋಟೆ, ಹೆಸರಿಲ್ಲದ ಪತ್ರ ಹಿಡಿದವನು ಸೇಡಿಗಾಗಿಯೂ ಅದರೊಳಗೆ ನುಗ್ಗಬಹುದು ಎಂಬುದು ಓಟಿಸ್‌ರ ವಾದ. ಆ ಸಭೆಯಲ್ಲಿ ಕುಳಿತು ಟಿಪ್ಪಣಿ ಮಾಡಿಕೊಂಡ 25ರ ಹರೆಯದ ಜಾನ್ ಆಡಮ್ಸ್ ಮುಂದೆ ಅಮೆರಿಕದ ಎರಡನೇ ಅಧ್ಯಕ್ಷರಾದರು.

ಮೊಕದ್ದಮೆ ಮಾತ್ರ ಸೋತಿತು. ಮುಖ್ಯ ನ್ಯಾಯಾಧೀಶ ಹಚಿನ್‌ಸನ್ ಲಂಡನ್ನಿನ ಪದ್ಧತಿಯನ್ನು ವಿಚಾರಿಸಿ ತಿಳಿದು, ಅದೇ ವರ್ಷದ ನವೆಂಬರ್‌ನಲ್ಲಿ ಅಧಿಕಾರಿಗಳ ಪರ ತೀರ್ಪಿತ್ತರು. ಆ ಪದವಿ ತಮ್ಮ ತಂದೆಗೆ ತಪ್ಪಿದ ಸಿಟ್ಟಿನಿಂದ ಓಟಿಸ್ ಹೀಗೆ ಮಾಡಿದರೆಂದು ವಿರೋಧಿಗಳು ಆಡಿಕೊಂಡರು. ಸಿಟ್ಟು ಇದ್ದಿರಲೂಬಹುದು. ಆದರೆ ಬರೀ ಸಿಟ್ಟಿನ ಮನುಷ್ಯ 1764ರಲ್ಲಿ, ಕರಿಯರೂ ಬಿಳಿಯರಷ್ಟೇ ಹುಟ್ಟಿನಿಂದ ಸ್ವತಂತ್ರರು ಎಂದು ಪುಸ್ತಕ ಬರೆಯಬೇಕಾಗಿರಲಿಲ್ಲ.

ಸುಂಕದ ಕಮಿಷನರುಗಳು ತಮ್ಮನ್ನು ರಾಜದ್ರೋಹಿ ಎಂದು ಲಂಡನ್ನಿಗೆ ದೂರು ಬರೆದಿದ್ದಾರೆಂದು ತಿಳಿದಾಗ, 1769ರ ಸೆಪ್ಟೆಂಬರ್‌ನಲ್ಲಿ ಓಟಿಸ್ ಪತ್ರಿಕೆಯಲ್ಲಿ ಅವರನ್ನು ಹೆಸರಿಸಿ ಖಂಡಿಸಿದರು. ಮರುದಿನವೇ ಒಂದು ಕಾಫಿ ಅಂಗಡಿಯಲ್ಲಿ ಕಮಿಷನರ್ ಜಾನ್ ರಾಬಿನ್‌ಸನ್‌ನೊಂದಿಗೆ ಹೊಡೆದಾಟವಾಗಿ ಓಟಿಸ್‌ರ ತಲೆಗೆ ಆಳವಾದ ಗಾಯವಾಯಿತು. ಮೊದಲೇ ಅಸ್ಥಿರವಾಗಿದ್ದ ಮನಸ್ಸು ಆನಂತರ ಪೂರ್ತಿ ನೆಟ್ಟಗಾಗಲಿಲ್ಲ. ನ್ಯಾಯಾಲಯ 2,000 ಪೌಂಡ್ ಪರಿಹಾರ ಕೊಡಿಸಿತು. ರಾಬಿನ್‌ಸನ್ ಕ್ಷಮೆ ಕೇಳಿದ ಮೇಲೆ ಓಟಿಸ್ ಖರ್ಚು ವೆಚ್ಚವನ್ನಷ್ಟೇ ಪಡೆದು ಆ ಹಣವನ್ನು ಬಿಟ್ಟುಕೊಟ್ಟರು.

1783ರ ಮೇ 23ರಂದು ಆಂಡೋವರ್‌ನ ಮನೆಯೊಂದರ ಬಾಗಿಲಲ್ಲಿ ನಿಂತಿದ್ದಾಗ ಸಿಡಿಲು ಬಡಿದು ಅವರು ತೀರಿಕೊಂಡರು. ಹೆಸರು, ಜಾಗ, ಕಾರಣ ನಮೂದಿಸದ ಶೋಧನಾ ಪತ್ರ ಸಲ್ಲದೆಂಬ ತಿದ್ದುಪಡಿ ಅಮೆರಿಕದ ಸಂವಿಧಾನಕ್ಕೆ ಸೇರಿದ್ದು 1791ರಲ್ಲಿ.