ಆನೆಯ ಬೆನ್ನಿನಿಂದ ಹಾಲಿವುಡ್ ಬೀದಿಯವರೆಗೆ: ಕಾರಾಪುರದ ಸಾಬು

ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ ಹಾಲಿವುಡ್ ಬುಲೆವಾರ್ಡ್ ಎಂಬ ಹೆಸರುವಾಸಿ ಬೀದಿಯಿದೆ. ಅದರ ಪಾದಚಾರಿ ಮಾರ್ಗದಲ್ಲಿ ಚಿತ್ರರಂಗದ ಗಣ್ಯರ ಹೆಸರುಗಳನ್ನು ಕೆತ್ತಿದ ನಕ್ಷತ್ರಗಳನ್ನು ಸಾಲಾಗಿ ಕೂರಿಸಲಾಗಿದೆ. 1960ರಲ್ಲಿ ಅಳವಡಿಸಿದ ಒಂದು ನಕ್ಷತ್ರದ ಮೇಲಿರುವುದು ಒಂದೇ ಪದ: ಸಾಬು. ಅದರ ಮೇಲೆ ಹೆಜ್ಜೆಯಿಟ್ಟು ಸಾಗುವ ಪ್ರವಾಸಿಗರಲ್ಲಿ ಬಹುಮಂದಿಗೆ ಆ ಹೆಸರಿನವನು ಮೈಸೂರು ಸಂಸ್ಥಾನದ ಕಾಡಂಚಿನ ಹಳ್ಳಿಯೊಂದರ ಮಾವುತನ ಮಗನೆಂಬುದು ತಿಳಿಯದು. ಕನ್ನಡ ನಾಡಿನಲ್ಲಿಯೂ ಅದನ್ನು ಬಲ್ಲವರು ವಿರಳ.

ಹಾಲಿವುಡ್‌ನಲ್ಲಿ ತಾರಾಪಟ್ಟಕ್ಕೇರಿದ ಮೊದಲ ಭಾರತೀಯನೆಂದು ಗುರುತಿಸಲ್ಪಡುವ ಸಾಬು ಬದುಕಿದ್ದು 39 ವರ್ಷ ಮಾತ್ರ. ಆನೆಯಿಂದ ಆರಂಭವಾದ ಆ ಬದುಕಿನಲ್ಲಿ ಆನೆ ಎಂದೂ ಅವರ ಬೆನ್ನು ಬಿಡಲಿಲ್ಲ.

ಕಾಕನ ಕೋಟೆಯ ನೆರಳಿನಲ್ಲಿ

ಸಾಬು ಜನಿಸಿದ್ದು 1924ರ ಜನವರಿ 27ರಂದು, ಇಂದಿನ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾರಾಪುರದಲ್ಲಿ. ಕಬಿನಿ ನದಿಯ ದಂಡೆಯ ಈ ಸೀಮೆಗೆ ಕಾಕನಕೋಟೆಯ ಕಾಡೆಂದು ಹೆಸರು. ಕಾಡು ಕುರುಬರ ನಾಯಕ ಕಾಕನಿಂದ ಆ ಹೆಸರು ಬಂದಿತೆಂಬುದು ಐತಿಹ್ಯ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಅದನ್ನೇ ಆಧರಿಸಿ ‘ಕಾಕನಕೋಟೆ’ ನಾಟಕ ರಚಿಸಿದರು, 1977ರಲ್ಲಿ ಸಿ.ಆರ್. ಸಿಂಹ ಅವರು ಅದನ್ನು ಚಲನಚಿತ್ರವಾಗಿಸಿದರು.

ಹೊರಜಗತ್ತಿಗೆ ಮಾತ್ರ ಕಾಕನಕೋಟೆಯೆಂದರೆ ಖೆಡ್ಡಾ. ಮೈಸೂರು ಸೀಮೆಯಲ್ಲಿ 1870ರ ದಶಕದಲ್ಲಿ ಜಿ.ಪಿ. ಸ್ಯಾಂಡರ್ಸನ್ ಎಂಬ ಬ್ರಿಟಿಷ್ ಅಧಿಕಾರಿ ಈ ಬಗೆಯ ಆನೆ ಹಿಡಿಯುವ ವಿಧಾನವನ್ನು ಯಶಸ್ವಿಯಾಗಿ ರೂಢಿಗೆ ತಂದಿದ್ದರು. ಸದ್ದು, ಬೆಂಕಿಗಳಿಂದ ಬೆದರಿಸಿದ ಕಾಡಾನೆಗಳ ಹಿಂಡನ್ನು ನದಿಗೆ ಇಳಿಸಿ, ಆಚೆ ದಡಕ್ಕೆ ದಾಟಿಸಿ, ಮರದ ದಿಮ್ಮಿಗಳ ಭದ್ರ ಆವರಣದೊಳಗೆ ಕೂಡಿಹಾಕುವ ಆ ದೃಶ್ಯವನ್ನು ಕಾಣಲು ಮಹಾರಾಜರ ಅತಿಥಿಗಳು ದೂರದೇಶಗಳಿಂದ ಬರುತ್ತಿದ್ದರು. ಅತಿಥಿಗಳಿಗೆ ಅದು ವಿನೋದ. ಪಳಗಿದ ಆನೆಯ ಮೇಲೆ ಕುಳಿತು ಕಾಡಾನೆಯ ಕಾಲಿಗೆ ಹಗ್ಗ ಬಿಗಿಸುತ್ತಿದ್ದ ಮಾವುತರಿಗೆ ಜೀವದ ಹಂಗು ತೊರೆದು ಮಾಡುವ ದುಡಿಮೆ. ಸಾಬುವಿನ ತಂದೆ ಅಂತಹ ಮಾವುತರಲ್ಲಿ ಒಬ್ಬರು.

ತಾಯಿ ಎಳವೆಯಲ್ಲಿಯೇ ತೀರಿಕೊಂಡರು. ಮಗುವಿನ ತೊಟ್ಟಿಲನ್ನು ತೂಗಲು ತಂದೆ ತನ್ನ ಆನೆಗೆ ಕಲಿಸಿದ್ದನೆಂದು ಒಂದು ಕಥೆಯಿದೆ. ಸಾಬುವಿಗೆ ಹತ್ತು ತುಂಬುವ ಮೊದಲೇ ತಂದೆಯೂ ಇಲ್ಲವಾದರು. ಯಜಮಾನನನ್ನು ಕಳೆದುಕೊಂಡ ಆನೆ ದುಃಖದಲ್ಲಿ ಸರಪಳಿ ಹರಿದುಕೊಂಡು ಕಾಡು ಸೇರಿತೆಂಬುದು ಇನ್ನೊಂದು ಕಥೆ. ಇವುಗಳಲ್ಲಿ ಕಂಡದ್ದೆಷ್ಟು, ಮುಂದೆ ಚಿತ್ರದ ಪ್ರಚಾರಕ್ಕಾಗಿ ಕಟ್ಟಿದ್ದೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಅನಾಥ ಬಾಲಕನಿಗೆ ಅರಮನೆಯ ಆನೆಲಾಯವೇ ಆಶ್ರಯವಾಯಿತು ಎಂಬುದಂತೂ ದಿಟ.

ಕ್ಯಾಮೆರಾದ ಕಣ್ಣಿಗೆ ಬಿದ್ದ ಹುಡುಗ

1935ರಲ್ಲಿ ಅಮೆರಿಕದ ಸಾಕ್ಷ್ಯಚಿತ್ರ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ಮೈಸೂರಿಗೆ ಬಂದರು. ಹಿಮನಾಡಿನ ಜನರ ಬದುಕನ್ನು ಚಿತ್ರಿಸಿದ 1922ರ ‘ನಾನೂಕ್ ಆಫ್ ದಿ ನಾರ್ತ್’ ಅವರಿಗೆ ಜಗತ್ಪ್ರಸಿದ್ಧಿಯನ್ನು ತಂದುಕೊಟ್ಟಿತ್ತು. ರುಡ್ಯಾರ್ಡ್ ಕಿಪ್ಲಿಂಗ್‌ರ ಕಥೆಯೊಂದನ್ನು ಆಧರಿಸಿ, ಲಂಡನ್ನಿನ ನಿರ್ಮಾಪಕ ಅಲೆಕ್ಸಾಂಡರ್ ಕೊರ್ಡಾರಿಗಾಗಿ ಅವರು ಚಿತ್ರ ತೆಗೆಯಬೇಕಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಸರ್ಕಾರ ಚಿತ್ರತಂಡಕ್ಕೆ ಆನೆಗಳನ್ನೂ ಅಗತ್ಯ ನೆರವನ್ನೂ ಒದಗಿಸಿತು. ಕಥೆಯ ಮಾವುತ ಬಾಲಕ ತೂಮಾಯಿಯ ಪಾತ್ರಕ್ಕೆ ತಕ್ಕ ಹುಡುಗನಿಗಾಗಿ ಹುಡುಕಾಟ ನಡೆದಾಗ ಕಣ್ಣಿಗೆ ಬಿದ್ದವನು ಅರಮನೆಯ ಲಾಯದ ಸಾಬು. ಅವನನ್ನು ಮೊದಲು ಗುರುತಿಸಿದವರು ಛಾಯಾಗ್ರಾಹಕ ಆಸ್ಮಂಡ್ ಬೊರಡೇಲ್ ಎನ್ನಲಾಗುತ್ತದೆ.

ಅಭಿನಯವೆಂದರೇನೆಂದು ತಿಳಿಯದ ಹುಡುಗ ಆನೆಯ ಬಳಿ ನಿಂತೊಡನೆ ಬೇರೆಯೇ ಆಗುತ್ತಿದ್ದ. ಕಥೆಯ ಕಾಲಾನಾಗ್ ಎಂಬ ಆನೆಯ ಪಾತ್ರವನ್ನು ವಹಿಸಿದ್ದು ಮೈಸೂರಿನ ದೈತ್ಯಾಕಾರದ ಐರಾವತ. ಆ ಬೃಹತ್ ದೇಹದ ಮೇಲೆ ಅಂಕೆಯಿಟ್ಟು ಕುಳಿತ ಪುಟ್ಟ ಹುಡುಗನೇ ಚಿತ್ರದ ಜೀವಾಳವಾದ. ಫ್ಲಾಹರ್ಟಿ ಇಲ್ಲಿ ಕಾಡು, ಮಳೆ, ಖೆಡ್ಡಾಗಳನ್ನು ಚಿತ್ರೀಕರಿಸುತ್ತಲೇ ಹೋದರು. ಖರ್ಚು ಏರುತ್ತಿದ್ದುದನ್ನು ಕಂಡ ಕೊರ್ಡಾ ತಂಡವನ್ನು ಇಂಗ್ಲೆಂಡಿಗೆ ಕರೆಸಿಕೊಂಡು, ಉಳಿದ ಭಾಗವನ್ನು ಸಹೋದರ ಜೋಲ್ಟನ್ ಕೊರ್ಡಾರ ನಿರ್ದೇಶನದಲ್ಲಿ ಡೆನ್‌ಹ್ಯಾಮ್ ಸ್ಟುಡಿಯೋದಲ್ಲಿ ಮುಗಿಸಿದರು. ಅಣ್ಣ ಶೇಖ್ ದಸ್ತಗೀರ್ ಜೊತೆಗೆ ಸಾಬು ಕಡಲು ದಾಟಿದ.

1937ರಲ್ಲಿ ತೆರೆಕಂಡ ‘ಎಲಿಫೆಂಟ್ ಬಾಯ್’ ವೆನಿಸ್ ಚಿತ್ರೋತ್ಸವದಲ್ಲಿ ಉತ್ತಮ ನಿರ್ದೇಶನದ ಪ್ರಶಸ್ತಿ ಗಳಿಸಿತು. ಹದಿಮೂರರ ಹುಡುಗ ರಾತ್ರಿ ಬೆಳಗಾಗುವುದರೊಳಗೆ ಮನೆಮಾತಾದ.

ಎರವಲು ಹೆಸರು

ಈ ನಡುವೆ ಹೆಸರಿನ ವಿಷಯದಲ್ಲಿ ಒಂದು ಎಡವಟ್ಟು ನಡೆದುಹೋಯಿತು. ಜಗತ್ತಿನ ಚಲನಚಿತ್ರ ಕೋಶಗಳೆಲ್ಲ ಅವನನ್ನು ದಾಖಲಿಸಿದ್ದು ಸಾಬು ದಸ್ತಗೀರ್ ಎಂದು. ಆದರೆ ದಸ್ತಗೀರ್ ಎಂಬುದು ಅವನ ಮನೆತನದ ಹೆಸರಲ್ಲ, ಪೋಷಕನಾಗಿ ಜೊತೆಗೆ ಹೋಗಿದ್ದ ಅಣ್ಣನ ಹೆಸರು. ಹುಟ್ಟುಹೆಸರು ಸೇಲಾರ್ ಶೇಖ್ ಸಾಬು ಎಂದಿತ್ತೆಂಬುದು ಅನಂತರದ ಸಂಶೋಧನೆಯಿಂದ ತಿಳಿದುಬಂದ ಸಂಗತಿ. ಹೆಸರಿಗೊಂದು ಕುಲನಾಮ ಅಂಟಿರಲೇಬೇಕೆಂಬ ಪಶ್ಚಿಮದ ಪದ್ಧತಿಗೆ ಮಾವುತನ ಮಗನ ಹೆಸರು ಹೊಂದಲಿಲ್ಲ. ಎರವಲು ಬಂದದ್ದೇ ಕಡೆಗೆ ಕಾನೂನಿನ ಕಾಗದಗಳಲ್ಲಿಯೂ ಉಳಿಯಿತು.

1938ರ ‘ದಿ ಡ್ರಮ್’ ಚಿತ್ರದಲ್ಲಿ ಮಾವುತನ ಮಗ ರಾಜಕುಮಾರನಾದ. 1940ರ ‘ದಿ ಥೀಫ್ ಆಫ್ ಬಾಗ್ದಾದ್’ ಅವನನ್ನು ಕೀರ್ತಿಯ ತುದಿಗೆ ಏರಿಸಿತು. ಎರಡನೆಯ ಮಹಾಯುದ್ಧ ಆರಂಭವಾದ ಕಾರಣ ಆ ಚಿತ್ರದ ಕೆಲಸ ಇಂಗ್ಲೆಂಡಿನಿಂದ ಹಾಲಿವುಡ್‌ಗೆ ವರ್ಗವಾಯಿತು. ಸಾಬು ಕೂಡ ಅಮೆರಿಕ ಸೇರಿದರು. 1942ರ ‘ಜಂಗಲ್ ಬುಕ್’ ಚಿತ್ರದಲ್ಲಿ ಮೋಗ್ಲಿಯ ಪಾತ್ರ ವಹಿಸಿದರು. ಆ ಬಳಿಕ ಯೂನಿವರ್ಸಲ್ ಸಂಸ್ಥೆಗಾಗಿ ‘ಅರೇಬಿಯನ್ ನೈಟ್ಸ್’, ‘ವೈಟ್ ಸ್ಯಾವೇಜ್’, ‘ಕೋಬ್ರಾ ವುಮನ್’ ಚಿತ್ರಗಳಲ್ಲಿ ನಟಿಸಿದರು. ಹೆಸರು ಬೆಳೆಯಿತಾದರೂ ಪಾತ್ರಗಳು ಬೆಳೆಯಲಿಲ್ಲ. ನಾಯಕನ ಬೆನ್ನಿಗೆ ನಿಲ್ಲುವ ನಂಬಿಗಸ್ತ ಗೆಳೆಯನಾಗಿ, ಕಾಡಿನ ಹುಡುಗನಾಗಿ ಉಳಿಯುವುದೇ ಅವರ ಪಾಲಿಗೆ ಬಂದದ್ದು.

ಯುದ್ಧವಿಮಾನದಲ್ಲಿ ಮಾವುತನ ಮಗ

1944ರಲ್ಲಿ ಸಾಬು ಅಮೆರಿಕದ ಪೌರತ್ವ ಪಡೆದರು. ಭಾರತೀಯರಿಗೆ ಅಲ್ಲಿ ಪೌರತ್ವ ಪಡೆಯುವ ಹಕ್ಕನ್ನು ಶಾಸನದ ಮೂಲಕ ನೀಡಲಾದದ್ದು 1946ರಲ್ಲಿ ಎಂಬುದನ್ನು ನೆನೆದರೆ ಇದು ಅಪರೂಪದ ಸಂಗತಿ. ತೆರೆಯ ಮೇಲಿನ ಸಾಹಸಿ ನಿಜವಾದ ಸಮರಕ್ಕೂ ಇಳಿದರು. ಅಮೆರಿಕದ ವಾಯುದಳ ಸೇರಿ ಬಿ-24 ಬಾಂಬರ್ ವಿಮಾನದಲ್ಲಿ ಬಂದೂಕುಗಾರರಾಗಿ ಪೆಸಿಫಿಕ್ ರಣರಂಗದ ಮೇಲೆ ಹಲವಾರು ಹಾರಾಟಗಳಲ್ಲಿ ಪಾಲ್ಗೊಂಡರು. ಅವರ ಶೌರ್ಯಕ್ಕೆ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಸಂದಿತು.

ಯುದ್ಧ ಮುಗಿಸಿ ಬಂದ ಇಪ್ಪತ್ತೊಂದರ ಯುವಕನಿಗೆ ಚಿತ್ರರಂಗ ಮೊದಲಿನಂತಿರಲಿಲ್ಲ. 1947ರ ‘ಬ್ಲ್ಯಾಕ್ ನಾರ್ಸಿಸಸ್’ ಚಿತ್ರದ ಯುವ ದೊರೆಯ ಪಾತ್ರವನ್ನು ವಿಮರ್ಶಕರು ಇಂದಿಗೂ ನೆನೆಯುತ್ತಾರೆ. ಆದರೆ ಅಂತಹ ಅವಕಾಶಗಳು ಮತ್ತೆ ಹೆಚ್ಚಾಗಿ ಒದಗಲಿಲ್ಲ. ಪ್ರೇಕ್ಷಕರಿಗೆ ಬೇಕಾಗಿದ್ದುದು ಆನೆಯ ಹುಡುಗ, ಹುಡುಗ ಗಂಡಸಾಗಿದ್ದ. 1948ರಲ್ಲಿ ನಟಿ ಮರ್ಲಿನ್ ಕೂಪರ್ ಅವರನ್ನು ವಿವಾಹವಾದರು. ಇಬ್ಬರು ಮಕ್ಕಳಾದರು.

ಸರ್ಕಸ್ ಡೇರೆಯ ಆಸರೆ

ಅವಕಾಶಗಳು ವಿರಳವಾದಾಗ ಸಾಬು ಅವರನ್ನು ಕೈಹಿಡಿದದ್ದು ಮತ್ತೆ ಆನೆಗಳೇ. 1950ರ ದಶಕದ ಆರಂಭದಲ್ಲಿ ಲಂಡನ್ನಿನ ಹ್ಯಾರಿಂಗೇ ಕ್ರೀಡಾಂಗಣದಲ್ಲಿ ಟಾಮ್ ಆರ್ನಲ್ಡ್ ಅವರು ನಡೆಸುತ್ತಿದ್ದ ಕ್ರಿಸ್ಮಸ್ ಸರ್ಕಸ್ಸಿನಲ್ಲಿ ಅವರು ಆನೆಗಳೊಡನೆ ಪ್ರದರ್ಶನ ನೀಡಿದರು. ಕಾರಾಪುರದಲ್ಲಿ ತಂದೆಯಿಂದ ಬಂದ ವಿದ್ಯೆ ಲಂಡನ್ನಿನ ದೀಪಗಳ ಕೆಳಗೆ ಅನ್ನದ ದಾರಿಯಾಯಿತು. ಚಳಿಯ ನಾಡಿನ ಡೇರೆಯಲ್ಲಿ ವೃತ್ತಾಕಾರವಾಗಿ ಸುತ್ತುತ್ತಿದ್ದ ಆನೆಗಳೂ ಅವುಗಳ ಜೊತೆಗಿದ್ದ ಮಾವುತನ ಮಗನೂ ತಾವು ಹುಟ್ಟಿದ ಕಾಡಿನಿಂದ ಬಹುದೂರ ಬಂದಿದ್ದರು.

ತಾಯ್ನಾಡಿನ ಚಿತ್ರರಂಗಕ್ಕೆ ಮರಳುವ ಅವಕಾಶವೂ ಒಮ್ಮೆ ಸಮೀಪ ಬಂದು ತಪ್ಪಿಹೋಯಿತು. ನಿರ್ದೇಶಕ ಮೆಹಬೂಬ್ ಖಾನ್ ತಮ್ಮ ‘ಮದರ್ ಇಂಡಿಯಾ’ ಚಿತ್ರದ ಬಿರ್ಜು ಪಾತ್ರಕ್ಕೆ ಮೊದಲು ಆರಿಸಿದ್ದು ಸಾಬು ಅವರನ್ನು. ಅವರು ಮುಂಬಯಿಗೂ ಬಂದಿದ್ದರು. ಆದರೆ ಅಷ್ಟರಲ್ಲಿ ಅವರು ಪರದೇಶದ ಪ್ರಜೆ. ಇಲ್ಲಿ ದುಡಿಯಲು ಪರವಾನಗಿ ಬೇಕಿತ್ತು, ಅದು ದೊರೆಯಲಿಲ್ಲ. ಪಾತ್ರ ಸುನೀಲ್ ದತ್ ಅವರ ಪಾಲಾಯಿತು. 1957ರಲ್ಲಿ ತೆರೆಕಂಡ ಆ ಚಿತ್ರ ಭಾರತೀಯ ಚಿತ್ರರಂಗದ ಮೈಲಿಗಲ್ಲಾಯಿತು. ಮೈಸೂರಿನಲ್ಲಿ ಹುಟ್ಟಿ ಜಗತ್ತನ್ನು ಗೆದ್ದ ನಟ ಒಂದೂ ಭಾರತೀಯ ಚಿತ್ರದಲ್ಲಿ ನಟಿಸದೆಯೇ ಉಳಿದರು.

1960ರಲ್ಲಿ ಅಣ್ಣ ಶೇಖ್ ದಸ್ತಗೀರ್ ತಮ್ಮ ಪೀಠೋಪಕರಣದ ಅಂಗಡಿಯಲ್ಲಿ ನಡೆದ ದರೋಡೆಯ ವೇಳೆ ಕೊಲೆಯಾದರು. ಬೀದಿಯ ಕಲ್ಲಿನಲ್ಲಿ ತಮ್ಮನ ಹೆಸರು ಮೂಡಿದ ವರ್ಷವೇ ಆ ತಮ್ಮನನ್ನು ಕಡಲು ದಾಟಿಸಿ ತಂದ ಅಣ್ಣ ಇಲ್ಲವಾದರು. ಮೂರು ವರ್ಷಗಳ ಬಳಿಕ, 1963ರ ಡಿಸೆಂಬರ್ 2ರಂದು, ಹೃದಯಾಘಾತದಿಂದ ಸಾಬು ಕೂಡ ಕ್ಯಾಲಿಫೋರ್ನಿಯಾದಲ್ಲಿ ಕೊನೆಯುಸಿರೆಳೆದರು.

ಕೊನೆಯ ಪಾತ್ರ

ಸಾಬು ಅಭಿನಯಿಸಿದ ಕೊನೆಯ ಚಿತ್ರ, ಡಿಸ್ನಿ ಸಂಸ್ಥೆಯ ‘ಎ ಟೈಗರ್ ವಾಕ್ಸ್’, ಬಿಡುಗಡೆಯಾದದ್ದು ಅವರ ನಿಧನಾನಂತರ, 1964ರಲ್ಲಿ. ಸರ್ಕಸ್ಸಿನಿಂದ ತಪ್ಪಿಸಿಕೊಂಡ ಹುಲಿಯೊಂದು ಸಣ್ಣ ಪಟ್ಟಣದ ಸುತ್ತಲಿನ ಕಾಡು ಸೇರುತ್ತದೆ. ದೊಡ್ಡವರು ಅದನ್ನು ಕೊಲ್ಲಲು ಹೊರಟರೆ, ಮಕ್ಕಳು ಉಳಿಸಲು ಚಳವಳಿ ಹೂಡುತ್ತಾರೆ. ಹುಲಿಯನ್ನು ಜೀವಸಹಿತ ಹಿಡಿಯಲು ನೆರವಾಗುವ ಭಾರತೀಯ ಪಳಗಿಸುವವನ ಪಾತ್ರ ಸಾಬು ಅವರದು. ಮೊದಲ ಚಿತ್ರದಲ್ಲಿ ಆನೆ, ಕೊನೆಯದರಲ್ಲಿ ಹುಲಿ. ಎರಡರಲ್ಲಿಯೂ ಅವರು ಮೂಕಪ್ರಾಣಿಯ ಪಕ್ಷದವರು. ಸರ್ಕಸ್ಸಿನ ಹುಲಿಯ ಕುರಿತ ಆ ಪ್ರಶ್ನೆ ಭಾರತದಲ್ಲಿಯೂ ಮುಂದೆ ಕಾನೂನಿನ ಕಟ್ಟೆಯೇರಿತು. ಹುಲಿ, ಸಿಂಹ, ಚಿರತೆ, ಕರಡಿ, ಕೋತಿಗಳನ್ನು ಪ್ರದರ್ಶನಕ್ಕೆ ಬಳಸುವುದನ್ನು ನಿಷೇಧಿಸಿ ಕೇಂದ್ರ ಸರ್ಕಾರ 1998ರಲ್ಲಿ ಹೊರಡಿಸಿದ ಅಧಿಸೂಚನೆಯನ್ನು ಸುಪ್ರೀಂ ಕೋರ್ಟ್ 2001ರಲ್ಲಿ ಎತ್ತಿಹಿಡಿಯಿತು.

ಸಾಬು ಹುಟ್ಟಿದ ನೆಲವೂ ಬದಲಾಗಿದೆ. ಕಾಕನಕೋಟೆಯಲ್ಲಿ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. 1974ರಲ್ಲಿ ಪೂರ್ಣಗೊಂಡ ಕಬಿನಿ ಜಲಾಶಯದ ನೀರು ಖೆಡ್ಡಾ ನಡೆಯುತ್ತಿದ್ದ ಹಳೆಯ ಬಯಲುಗಳನ್ನು ಆವರಿಸಿತು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಹಸಿರು ಹುಲ್ಲನ್ನರಸಿ ಸುತ್ತಲಿನ ಕಾಡುಗಳಿಂದ ನೂರಾರು ಆನೆಗಳು ಅಲ್ಲಿಗೆ ಇಳಿಯುತ್ತವೆ. ಅವುಗಳನ್ನು ಈಗ ಯಾರೂ ಅಟ್ಟುವುದಿಲ್ಲ, ಕಾಲಿಗೆ ಹಗ್ಗ ಬಿಗಿಯುವುದಿಲ್ಲ. ನೋಡಲು ಬರುವ ಪ್ರವಾಸಿಗರ ವಾಹನಗಳು ಹಾದುಹೋಗುವ ಊರುಗಳಲ್ಲಿ ಕಾರಾಪುರವೂ ಒಂದು.