ಚಾವುಂಡರಾಯ: ಗಂಗರ ಸಿಂಹಾಸನ ಕಾದ ದಂಡನಾಯಕ

ಶ್ರವಣಬೆಳಗೊಳದ ಶ್ರೀ ಗೊಮ್ಮಟೇಶ್ವರ ಮೂರ್ತಿಯನ್ನು ಮಾಡಿಸಿದ ಪುಣ್ಯಪುರುಷನೆಂದು ಚಾವುಂಡರಾಯನ ಹೆಸರನ್ನು ನಾವೆಲ್ಲ ಸ್ಮರಿಸುತ್ತೇವೆ. ಆದರೆ ಮಂತ್ರಿಯೂ ದಂಡನಾಯಕನೂ ಆಗಿದ್ದ ಆತನ ನಿಷ್ಠೆಯನ್ನು ಕಾಲ ಎಷ್ಟು ಕಠಿಣವಾಗಿ ಪರೀಕ್ಷಿಸಿತು ಎಂಬುದು ಅಷ್ಟಾಗಿ ತಿಳಿದಿಲ್ಲ.

ಚಾವುಂಡರಾಯನು ಬ್ರಹ್ಮಕ್ಷತ್ರಿಯ ಕುಲದವನು. ತಾಯಿ ಕಾಳಲಾದೇವಿ. ಅಜಿತಸೇನಾಚಾರ್ಯರು ಮತ್ತು ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಆತನ ಗುರುಗಳು. ಗಂಗದೊರೆ ಇಮ್ಮಡಿ ಮಾರಸಿಂಹನ ಕಾಲದಲ್ಲೇ ಹಲವು ಯುದ್ಧಗಳನ್ನು ಗೆದ್ದು ಬಿರುದುಗಳನ್ನು ಪಡೆದಿದ್ದನು.

973ರಲ್ಲಿ ಚಾಲುಕ್ಯ ತೈಲಪನು ರಾಷ್ಟ್ರಕೂಟ ಕರ್ಕನನ್ನು ಸೋಲಿಸಿ ಮಾನ್ಯಖೇಟದ ಅರಸೊತ್ತಿಗೆಯನ್ನು ಕೊನೆಗೊಳಿಸಿದನು. ಮಾರಸಿಂಹನು ತನ್ನ ಸೋದರಳಿಯ, ಮುಮ್ಮಡಿ ಕೃಷ್ಣನ ಮೊಮ್ಮಗ ಇಂದ್ರನಿಗೆ ಪಟ್ಟ ಕಟ್ಟಿ ಆ ವಂಶವನ್ನು ಉಳಿಸಲು ಯತ್ನಿಸಿದನು, ಅದು ಫಲಿಸಲಿಲ್ಲ. 974ರಲ್ಲಿ ರಾಜ್ಯವನ್ನು ತೊರೆದು ಬಂಕಾಪುರದಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನ ವ್ರತ ಕೈಗೊಂಡು ಸಮಾಧಿಮರಣ ಹೊಂದಿದನು. ಇಂದ್ರನೂ 982ರಲ್ಲಿ ಶ್ರವಣಬೆಳಗೊಳದಲ್ಲಿ ಅದೇ ದಾರಿ ಹಿಡಿದನು.

ಇತ್ತ ಗಂಗವಾಡಿಯಲ್ಲಿ ಪಟ್ಟಕ್ಕಾಗಿ ಪೈಪೋಟಿ ಹುಟ್ಟಿತು. ಪಾಂಚಾಲದೇವನು ತಾನೇ ಅರಸನೆಂದು ಮೆರೆದನು; ಮುಂದೆ ತೈಲಪನಿಂದ ಹತನಾದನು. ಚಲದಂಕಗಂಗನೆಂಬ ಬಿರುದಿನ ಮುಡುರಾಚಯ್ಯನು ಗಂಗರಾಜ್ಯವನ್ನು ಬಲದಿಂದ ಕಸಿಯಲು ಹೊರಟನು. ಚಾವುಂಡರಾಯನ ತಮ್ಮ ನಾಗವರ್ಮನನ್ನು ಕೊಂದವನೂ ಅವನೇ. ಸೈನ್ಯ ಚಾವುಂಡರಾಯನ ಕೈಯಲ್ಲಿತ್ತು. ಆದರೂ ಆತನು ಸಿಂಹಾಸನಕ್ಕೆ ಆಸೆಪಡಲಿಲ್ಲ, ಗೆಲ್ಲುವವರ ಪಕ್ಷಕ್ಕೂ ಸರಿಯಲಿಲ್ಲ. ಮುಡುರಾಚಯ್ಯನನ್ನು ಕೊಂದು ಸಮರಪರಶುರಾಮನೆನಿಸಿದನು. ನಾಲ್ವಡಿ ರಾಚಮಲ್ಲನನ್ನು ಅರಸನೆಂದು ಒಪ್ಪಿ ಅವನ ಮಂತ್ರಿಯಾಗಿ ನಿಂತನು.

ಈ ರಾಜಕೀಯದ ನಡುವೆಯೇ 978ರಲ್ಲಿ ತ್ರಿಷಷ್ಟಿಲಕ್ಷಣ ಮಹಾಪುರಾಣವನ್ನು ಕನ್ನಡ ಗದ್ಯದಲ್ಲಿ ಬರೆದು ಮುಗಿಸಿದನು. 24 ತೀರ್ಥಂಕರರೂ ಸೇರಿದಂತೆ 63 ಶಲಾಕಾಪುರುಷರ ಚರಿತೆ ಅದರಲ್ಲಿದೆ. ನಾವು ಅದನ್ನು ಚಾವುಂಡರಾಯ ಪುರಾಣ ಎಂದು ಕರೆಯುತ್ತೇವೆ.

981ರ ಸುಮಾರಿಗೆ ವಿಂಧ್ಯಗಿರಿಯ ಮೇಲೆ 58 ಅಡಿ ಎತ್ತರದ ಬಾಹುಬಲಿ ಸ್ವಾಮಿಯ ಮೂರ್ತಿ ನಿಂತಿತು. ಅಣ್ಣ ಭರತನನ್ನು ಗೆದ್ದೂ, ಗೆದ್ದ ರಾಜ್ಯವನ್ನು ಅಣ್ಣನಿಗೇ ಬಿಟ್ಟು ತಪಸ್ಸಿಗೆ ಹೊರಟ ಮಹಾತ್ಮನ ಮೂರ್ತಿಯದು. ಪಟ್ಟಕ್ಕಾಗಿ ನಡೆದ ಕಲಹಗಳನ್ನು ಕಣ್ಣಾರೆ ಕಂಡು, ತಮ್ಮನನ್ನು ಕಳೆದುಕೊಂಡು, ಅದಕ್ಕೆ ಸೇಡನ್ನೂ ತೀರಿಸಿಕೊಂಡಿದ್ದ ದಂಡನಾಯಕನು ಈ ಮೂರ್ತಿಯನ್ನು ಮಾಡಿಸಿದನೆಂಬುದನ್ನು ನೆನೆದಾಗ, ಅದರ ಶಾಂತಮುಖ ನಮಗೆ ಇನ್ನಷ್ಟು ಹೇಳುತ್ತದೆ. ಪಾದದ ಬಳಿ ಕನ್ನಡ, ತಮಿಳು, ಮರಾಠಿಗಳಲ್ಲಿರುವ ಶಾಸನಗಳು ಚಾವುಂಡರಾಯನು ಇದನ್ನು ಮಾಡಿಸಿದನೆಂದು ತಿಳಿಸುತ್ತವೆ. ಅಲ್ಲಿ ಬಿರುದುಗಳ ಸಾಲಿಲ್ಲ.

ಅದೇ ಬೆಟ್ಟದ ತ್ಯಾಗದ ಬ್ರಹ್ಮದೇವರ ಕಂಬದ ಮೇಲೆ ಆತನ ಕುಲ, ಪರಾಕ್ರಮಗಳ ಶಾಸನವಿತ್ತು. ಮುಂದೆ ಹೆಗ್ಗಡೆ ಕಣ್ಣನೆಂಬುವನು ತನ್ನ ಕಿರುಶಾಸನಕ್ಕಾಗಿ ಮೂರು ಮುಖಗಳ ಬರಹವನ್ನು ಅಳಿಸಿದನು. ಉಳಿದ ಒಂದು ಮುಖದಲ್ಲಿ, ಗಂಗರಾಜ್ಯಕ್ಕೆ ಆಸೆಪಟ್ಟ ಚಲದಂಕಗಂಗನ ಯತ್ನ ವ್ಯರ್ಥವಾದ ಸಂಗತಿ ಇಂದಿಗೂ ಇದೆ. ಬೆಳಗೊಳಕ್ಕೆ ಹೋದಾಗ ಸ್ವಾಮಿಯ ದರ್ಶನಕ್ಕೆ ಮೆಟ್ಟಿಲೇರುವಾಗ ಆ ಕಂಬದ ಬಳಿ ಒಂದು ಕ್ಷಣ ನಿಲ್ಲಿ, ಮಕ್ಕಳಿಗೂ ತೋರಿಸಿ.