ಹಸುವಿನ ಹೆಸರು ಹೊತ್ತ ಮದ್ದು

ನಮ್ಮ ನೀಲಗಿರಿಯ ಕೂನೂರಿನಲ್ಲಿ 1907ರಿಂದ ಪಾಶ್ಚರ್ ಸಂಸ್ಥೆಯಿದೆ. ಹುಚ್ಚುನಾಯಿ ಕಡಿತಕ್ಕೆ ಚಿಕಿತ್ಸೆ ನೀಡಲು ಆರಂಭವಾದ ಈ ಸಂಸ್ಥೆ ಲಸಿಕೆಗಳ ತಯಾರಿಕೆಗೂ ಹೆಸರಾಯಿತು. ಲಸಿಕೆಗೆ ಇಂಗ್ಲಿಷಿನಲ್ಲಿ ವ್ಯಾಕ್ಸೀನ್ ಎನ್ನುವುದು ನಮಗೆಲ್ಲ ಗೊತ್ತು. ಆ ಪದದೊಳಗೆ ಒಂದು ಹಸು ಅಡಗಿದೆಯೆಂಬುದನ್ನು ನಾವು ಬಲ್ಲೆವೇ? ಲ್ಯಾಟಿನ್ ಭಾಷೆಯಲ್ಲಿ 'ವಾಕ್ಕ' ಎಂದರೆ ಹಸು. ಆ ಹಸುವನ್ನು ವೈದ್ಯಶಾಸ್ತ್ರಕ್ಕೆ ಕರೆತಂದವರು ಎಡ್ವರ್ಡ್ ಜೆನ್ನರ್.

ಜೆನ್ನರ್ 1749ರ ಮೇ 17ರಂದು ಇಂಗ್ಲೆಂಡಿನ ಬರ್ಕ್ಲಿ ಎಂಬ ಊರಿನಲ್ಲಿ ಜನಿಸಿದರು. ಐದನೆಯ ವಯಸ್ಸಿನಲ್ಲೇ ತಂದೆತಾಯಿಯರನ್ನು ಕಳೆದುಕೊಂಡರು. ಲಂಡನ್ನಿನಲ್ಲಿ ಜಾನ್ ಹಂಟರ್ ಎಂಬ ಹೆಸರಾಂತ ವೈದ್ಯರ ಬಳಿ ಕಲಿತು, ಹುಟ್ಟೂರಿಗೇ ಮರಳಿ ವೈದ್ಯವೃತ್ತಿ ಹಿಡಿದರು.

ಆಗ ಸಿಡುಬು ಮಾರಿಯಾಗಿತ್ತು. ಅದು ಬಂದವರಲ್ಲಿ ಹಲವರು ಸಾಯುತ್ತಿದ್ದರು. ಉಳಿದವರಲ್ಲಿ ಕೆಲವರು ಕುರುಡರಾಗುತ್ತಿದ್ದರು. ಆದರೆ ಹಾಲು ಕರೆಯುವ ಹೆಂಗಸರಿಗೆ ಹಸುವಿನ ಕೆಚ್ಚಲಿನಿಂದ ಒಂದು ಸಣ್ಣ ಬೊಕ್ಕೆರೋಗ ತಗಲುತ್ತಿತ್ತು. ಅದು ಬಂದುಹೋದವರಿಗೆ ಸಿಡುಬು ಬಾರದೆಂದು ಹಳ್ಳಿಗರು ನಂಬಿದ್ದರು. ಕಲಿತವರು ಹಗುರವಾಗಿ ಕಂಡ ಆ ಮಾತನ್ನು ಜೆನ್ನರ್ ಪರೀಕ್ಷೆಗೆ ಒಡ್ಡಿದರು.

1796ರ ಮೇ 14ರಂದು ಸಾರಾ ನೆಲ್ಮ್ಸ್ ಎಂಬ ಹಾಲು ಕರೆಯುವಾಕೆಯ ಕೈಯ ಬೊಕ್ಕೆಯಿಂದ ರಸ ತೆಗೆದು, ಎಂಟು ವರ್ಷದ ಜೇಮ್ಸ್ ಫಿಪ್ಸ್ ಎಂಬ ಬಾಲಕನ ತೋಳಿಗೆ ಗೀರಿ ಹಚ್ಚಿದರು. ಕೆಲವು ವಾರಗಳ ಬಳಿಕ ಸಿಡುಬಿನ ಕೀವನ್ನೇ ಹಚ್ಚಿ ನೋಡಿದರು. ಹುಡುಗನಿಗೆ ಸಿಡುಬು ಬರಲಿಲ್ಲ. ಮಗುವಿನ ಮೇಲೆ ಇಂಥ ಪ್ರಯೋಗಕ್ಕೆ ಇಂದು ಯಾರೂ ಒಪ್ಪುವುದಿಲ್ಲ. ಅಂದು ಆ ಬಾಲಕ ಹೊತ್ತ ಅಪಾಯವನ್ನು ನಾವು ಮರೆಯಬಾರದು. ಮುಂದೆ ಜೆನ್ನರ್ ಅವನಿಗೆ ವಾಸಕ್ಕೆ ಬಾಡಿಗೆಯಿಲ್ಲದೆ ಮನೆ ಕೊಟ್ಟರು.

1798ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಅವರು ಈ ರೋಗವನ್ನು ಲ್ಯಾಟಿನ್ನಿನಲ್ಲಿ 'ವೇರಿಯೋಲೇ ವ್ಯಾಕ್ಸಿನೇ', ಅಂದರೆ ಹಸುವಿನ ಸಿಡುಬು, ಎಂದು ಕರೆದರು. ವ್ಯಾಕ್ಸೀನ್ ಎಂಬ ಪದದ ಮೂಲ ಇದೇ. ಲಸಿಕೆ ಹಾಕಿಸಿಕೊಂಡವರಿಗೆ ಕೊಂಬು ಮೂಡುವುದೆಂದು ಗೇಲಿಮಾಡಿ ಚಿತ್ರ ಬರೆದವರಿದ್ದರು. ಜೆನ್ನರ್ ಎದೆಗುಂದಲಿಲ್ಲ, ತಮ್ಮ ತೋಟದ ಗುಡಿಸಲಿನಲ್ಲಿ ಬಡವರಿಗೆ ಉಚಿತವಾಗಿ ಲಸಿಕೆ ಹಾಕಿದರು. 1802ರಲ್ಲಿ ಅದು ಭಾರತಕ್ಕೂ ಬಂತು. 1823ರಲ್ಲಿ ಜೆನ್ನರ್ ತೀರಿಕೊಂಡರು.

1881ರಲ್ಲಿ ಲೂಯಿ ಪಾಶ್ಚರ್ ಅವರು, ಜೆನ್ನರರ ಗೌರವಾರ್ಥವಾಗಿ ಇಂಥ ಎಲ್ಲ ಮದ್ದಿಗೂ ಅದೇ ಹೆಸರಿರಲೆಂದು ಸೂಚಿಸಿದರು. ಹೀಗಾಗಿ ಹಸುವಿನ ಸಂಬಂಧವಿಲ್ಲದ ಹುಚ್ಚುನಾಯಿ ರೋಗದ ಲಸಿಕೆಯೂ ವ್ಯಾಕ್ಸೀನ್ ಆಯಿತು.

1980ರಲ್ಲಿ ಸಿಡುಬು ಲೋಕದಿಂದಲೇ ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ವಿದ್ಯಾರ್ಥಿಗಳೇ, ನಿಮ್ಮ ಅಜ್ಜ ಅಜ್ಜಿಯರ ತೋಳಿನ ಮೇಲಿರುವ ದುಂಡನೆಯ ಗುರುತನ್ನೊಮ್ಮೆ ನೋಡಿರಿ. ಹಳ್ಳಿಯ ಮಾತಿಗೆ ಕಿವಿಗೊಟ್ಟ ವೈದ್ಯರೊಬ್ಬರು ಕೊಟ್ಟ ರಕ್ಷೆ ಅದು.